ಭಾಗ 4: ನಲ್ಲಿ ಕಡೆಯೋರ ಊರು

ಮೊದಲನೇ ಫೋಟೋ ನೋಡಿ 'ವಾಲ್‌ಪೇಪರಾ?' ಅಂತ ಕೇಳ್ತೀರಾ, ಗೊತ್ತು. ಅಲ್ಲ ಕಣ್ರೋ, ನಿಜವಾದ ಊರು. ಹೆಸರು ಸ್ಯಾಂ ಸೀರ್ ಲಾಪೊಪಿ. ಫ್ರಾನ್ಸ್‌ನ ನೈರುತ್ಯದಲ್ಲಿ, ಲಾಟ್ ನದಿಯಿಂದ ಸುಮಾರು 100 ಮೀಟರ್ ಎತ್ತರದಲ್ಲಿ ಬಂಡೆಗೆ ಅಂಟಿಕೊಂಡಿದೆ. ಇರೋದು ಹೆಚ್ಚುಕಡಿಮೆ 200 ಜನ.

ತುಲೂಸ್‌ನಿಂದ ಕಾಓರ್‌ಗೆ ಟ್ರೈನು, ಅಲ್ಲಿಂದ ನದಿ ಪಕ್ಕದ ರಸ್ತೆಯಲ್ಲಿ ಬಸ್ಸು. ಬಸ್ಸು ಊರೊಳಗೆ ಹೋಗಲ್ಲ. ಕೆಳಗೆ ತೂರ್ ದ ಫೋರ್‌ನಲ್ಲಿ ಇಳಿಸಿ ಹೋಗ್ಬಿಡುತ್ತೆ. ಸೇತುವೆ ದಾಟಿ ಏರು ಹತ್ತಬೇಕು. ಬೆನ್ನಲ್ಲಿ ಬ್ಯಾಗು, ಬ್ಯಾಗಲ್ಲಿ ಚಪಾತಿ ರೋಲ್. ಅರ್ಧ ದಾರಿಗೇ ಉಸಿರು ಬಾಯಿಗೆ ಬಂತು.

ಸರ್ರಿಯಲಿಸ್ಟ್ ಕವಿ ಆಂದ್ರೆ ಬ್ರೆತೊಂ 1950ರಲ್ಲಿ ಈ ಊರು ನೋಡಿ ಮನಸೋತು ಇಲ್ಲೇ ಮನೆ ಕೊಂಡ. (3ನೇ ಫೋಟೋ.) ನಾನು ಹೋಗಿದ್ದೂ ಅದಕ್ಕೇ. ಆದರೆ ಹಿಡಿದು ನಿಲ್ಲಿಸಿದ್ದು ಬೇರೆ.

ಇಲ್ಲಿನ ಬೀದಿಗಳಿಗೆ ಕಸುಬಿನ ಹೆಸರು. ಒಂದು ಚರ್ಮ ಹದ ಮಾಡೋರದ್ದು, ಇನ್ನೊಂದು ತಾಮ್ರದ ಪಾತ್ರೆ ಮಾಡೋರದ್ದು. ಆದರೆ ಊರಿಗೆ ಹೆಸರು ತಂದವರು ಮರ ಕಡೆಯೋರು. ಬಾಕ್ಸ್‌ವುಡ್ ಅನ್ನೋ ಗಟ್ಟಿ ಮರವನ್ನ ಲೇತಿಗೆ ಹಾಕಿ ವೈನ್ ಪೀಪಾಯಿಗಳಿಗೆ ನಲ್ಲಿ ಮಾಡ್ತಿದ್ರು. ಕಾಓರ್ ವೈನು ದೋಣಿಯಲ್ಲಿ ಇದೇ ನದಿ ಹಿಡಿದು ಬೋರ್ಡೋ ಕಡೆ ಹೋಗ್ತಿತ್ತು. ದೋಣಿ ಎಳೆಯೋಕೆ ಬಂಡೆಯನ್ನೇ ಕೊರೆದು ಮಾಡಿದ ದಾರಿ ಈಗಲೂ ಇದೆ (5ನೇ ಫೋಟೋ). ರೈಲು ಬಂತು, ದೋಣಿ ವ್ಯಾಪಾರ ನಿಂತಿತು. ಕಸುಬೂ ನಿಧಾನಕ್ಕೆ ಕರಗಿತು. ಅಗಲ ಕಮಾನಿನ ಅಂಗಡಿ ಬಾಗಿಲುಗಳು ಮಾತ್ರ ಹಾಗೇ ಇವೆ, ಒಳಗೆ ಈಗ ಐಸ್‌ಕ್ರೀಮು, ಪೋಸ್ಟ್‌ಕಾರ್ಡು.

ಒಂದು ಅಂಗಡಿಯಲ್ಲಿ ವಯಸ್ಸಾದವರೊಬ್ಬರು ಪುಟ್ಟ ಮರದ ನಲ್ಲಿಯೊಂದನ್ನ ನನ್ನ ಅಂಗೈಗೆ ಇಟ್ಟರು. ತಿರುಗಿಸಿದೆ, 'ಕಿರ್' ಅಂತು. ನನಗೆ ಕಣ್ಣು ತುಂಬಿಬಂತು. ಅವರಿಗೆ ಗಾಬರಿ!

ಕ್ಲಾಸ್‌ಮೇಟ್‌ಗಳಿಗೂ ನಾನು ಇದನ್ನ ಹೇಳಿಲ್ಲ. ನಮ್ಮದು ಚನ್ನಪಟ್ಟಣ. ತಾತ ಬೊಂಬೆ ಕಡೀತಿದ್ರು. ಆಲೆಮರ, ಬಣ್ಣದ ಅರಗು, ಕಾಲಡಿ ಹೊಟ್ಟಿನ ರಾಶಿ. ಸ್ಕೂಲಲ್ಲಿ 'ಮನೇಲಿ ಏನು ಕೆಲಸ?' ಅಂತ ಕೇಳಿದ್ರೆ 'ಬಿಸಿನೆಸ್' ಅಂತಿದ್ದೆ. ತಾತ ಹೋಗಿ ಎರಡು ವರ್ಷ. ಹೋದ ತಿಂಗಳು ಅಪ್ಪ ಫೋನಲ್ಲಿ 'ಲೇತ್ ಮಾರಿಬಿಡ್ತೀನಿ ಕಣೋ, ಜಾಗ ಸುಮ್ಮನೆ ಹೋಗ್ತಿದೆ' ಅಂದ್ರು. 'ಹೂಂ, ಮಾರಿ' ಅಂದಿದ್ದೆ, ಅಸೈನ್‌ಮೆಂಟ್ ಮಾಡ್ತಾನೇ.

ಇಳಿಯೋ ದಾರಿಯಲ್ಲಿ ಫೋನ್ ಮಾಡಿದೆ. ಮಾರಬೇಡಿ ಅನ್ನೋ ಹಕ್ಕು ನನಗೆಲ್ಲಿದೆ? ಉಳಿ ಹಿಡಿಯೋದನ್ನೂ ಕಲೀಲಿಲ್ಲ. 'ಡಿಸೆಂಬರಲ್ಲಿ ಬರ್ತೀನಿ, ಅಲ್ಲೀವರೆಗೂ ಇರಲಿ. ಒಂದು ಬುಗುರಿನಾದ್ರೂ ಕಡೆದು ನೋಡ್ತೀನಿ' ಅಂದೆ. ನಲ್ಲಿ ಕಥೆನೂ ಹೇಳಿದೆ.

ಅಪ್ಪ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ ಕೇಳಿದ್ದು ಒಂದೇ: 'ಆ ಮರ ನಮ್ಮ ಆಲೆಗಿಂತ ಗಟ್ಟಿನಾ?'

ಹೌದು ಅಪ್ಪ, ತುಂಬಾ ಗಟ್ಟಿ. ಕೊನೇ ಫೋಟೋ ನೋಡಿ, ಆ ನಲ್ಲಿ ಕೊಂಡ್ಕೊಂಡೆ. ನಿಮಗೇ.

ನಿಮ್ಮ ಮನೇಲೂ ಹೀಗೆ ಮೂಲೆ ಸೇರಿರೋ ಕಸುಬು ಇದ್ರೆ ಕಾಮೆಂಟಲ್ಲಿ ಬರೀರಿ. 'ಬಿಸಿನೆಸ್' ಅನ್ಬೇಡಿ, ಹೆಸರು ಹಿಡಿದು ಹೇಳಿ.