ಚೀಲ ಕಾಯುವವರು

ಪ್ರತಿಯೊಂದು ಕುಟುಂಬದಲ್ಲಿಯೂ ಚೀಲ ಕಾಯುವವರೊಬ್ಬರು ಇದ್ದೇ ಇರುತ್ತಾರೆ. ಜಾತ್ರೆಯಲ್ಲಿ ಮಕ್ಕಳು ತಿರುಗುವ ತೊಟ್ಟಿಲನ್ನು ಹತ್ತಿದಾಗ, ಚಪ್ಪಲಿ, ಕೊಡೆ, ತಿಂಡಿಯ ಡಬ್ಬಿಗಳ ನಡುವೆ ಕುಳಿತು ಕತ್ತೆತ್ತಿ ನೋಡುವವರು ಅವರೇ. ಮೊಣಕಾಲಿನ ನೋವೋ, ತಲೆಸುತ್ತೋ, ಒಂದು ಟಿಕೆಟ್ಟಿನ ದುಡ್ಡಾದರೂ ಉಳಿಯಲೆಂಬ ಯೋಚನೆಯೋ, ಅಂತೂ ಅವರು ಹತ್ತುವುದಿಲ್ಲ. "ನೀವು ಹೋಗಿ ಬನ್ನಿ, ನನಗೆ ಇಲ್ಲಿಯೇ ಚೆನ್ನಾಗಿದೆ" ಎನ್ನುತ್ತಾರೆ. ಆ ಮಾತನ್ನು ಯಾರೂ ನಂಬುವುದಿಲ್ಲ. ವಿನೋದೋದ್ಯಾನಗಳನ್ನು ಕಟ್ಟುವವರು ಮಾತ್ರ ಅದನ್ನು ಅಕ್ಷರಶಃ ನಂಬಿ, ನೆರಳಿಲ್ಲದ ಕಡೆ ಒಂದು ಬೆಂಚನ್ನಿಟ್ಟು ಕೈತೊಳೆದುಕೊಳ್ಳುತ್ತಾರೆ.

ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನ ಟಿವೊಲಿಯಲ್ಲಾದರೋ ಆ ಮಾತು ನಿಜವಾಗಬಹುದು. ಈ ಉದ್ಯಾನವು ತೆರೆದದ್ದು 1843ರ ಆಗಸ್ಟ್ 15ರಂದು. ಜನರು ವಿನೋದದಲ್ಲಿ ಮುಳುಗಿದರೆ ರಾಜಕಾರಣದ ಗೊಡವೆಗೆ ಬರುವುದಿಲ್ಲವೆಂದು ದೊರೆ ಎಂಟನೆಯ ಕ್ರಿಶ್ಚಿಯನ್ನನಿಗೆ ಬಿನ್ನವಿಸಿ, ಜಾರ್ಜ್ ಕಾರ್ಸ್ಟೆನ್ಸೆನ್ ಎಂಬಾತನು ಅನುಮತಿ ಪಡೆದನೆಂಬ ಕಥೆಯಿದೆ. ದೊರೆಗೆ ಈ ವಾದ ರುಚಿಸಿದುದರಲ್ಲಿ ಆಶ್ಚರ್ಯವೇನು? ದೊರೆತ ನೆಲ ಕೋಟೆಯ ಹೊರಗಣ ಬಯಲು. ಆ ಕೋಟೆಯ ಕಂದಕದ ಒಂದು ತುಂಡು ಇಂದಿಗೂ ಉದ್ಯಾನದೊಳಗೆ ಕೊಳವಾಗಿ ಉಳಿದಿದೆ. ಶತ್ರುವನ್ನು ತಡೆಯಲೆಂದು ತೋಡಿದ ನೀರಿನಲ್ಲಿ ಈಗ ಸಂಜೆಯ ದೀಪಗಳು ಅಲುಗುತ್ತವೆ.

ಯಂತ್ರಗಳು ಅಲ್ಲಿ ಇಲ್ಲವೆಂದಲ್ಲ. 1914ರಲ್ಲಿ ಕಟ್ಟಿದ ಮರದ ರೋಲರ್ ಕೋಸ್ಟರ್ ಇನ್ನೂ ಓಡುತ್ತಿದೆ; ಪ್ರತಿಯೊಂದು ಬಂಡಿಯಲ್ಲಿಯೂ ಬ್ರೇಕು ಹಿಡಿಯುವ ಆಳೊಬ್ಬನು ಕುಳಿತಿರುತ್ತಾನೆ. ಆದರೆ ತೋಟಕ್ಕೆ ಮಾತ್ರವೇ ಟಿಕೆಟ್ಟು ಕೊಂಡು ಒಳಹೋಗಬಹುದು. ಇದು ಸಣ್ಣ ಸಂಗತಿಯಲ್ಲ. ಏನನ್ನೂ ಹತ್ತದವನು ಅಲ್ಲಿ ಅರೆಗಿರಾಕಿಯಲ್ಲ. ಅವನಿಗೆಂದೇ ಹೂವಿನ ಮಡಿಗಳಿವೆ, ಹಳೆಯ ಮರಗಳಿವೆ, ಸಂಗೀತವಿದೆ. 1951ರಲ್ಲಿ ಇಲ್ಲಿಗೆ ಬಂದ ವಾಲ್ಟ್ ಡಿಸ್ನಿಯೂ ದೀಪ, ಆಸನ, ತಿಂಡಿಗಳಂಥ ವಿವರಗಳನ್ನೆಲ್ಲ ಬರೆದುಕೊಂಡನಂತೆ. ಅವನ ಡಿಸ್ನಿಲ್ಯಾಂಡ್ ತೆರೆದದ್ದು 1955ರಲ್ಲಿ.

ಟಿವೊಲಿ ಆರಂಭವಾದ ವರ್ಷವೇ ಅಲ್ಲಿ ಅಡ್ಡಾಡಿದವರಲ್ಲಿ ಕಥೆಗಾರ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಒಬ್ಬನು. ಆ ಅಕ್ಟೋಬರಿನಲ್ಲಿ ಉದ್ಯಾನದಿಂದ ಮರಳಿದವನು ಚೀನೀ ಚಕ್ರವರ್ತಿಯ ಕೋಗಿಲೆಯ ಕಥೆಯನ್ನು ಬರೆಯತೊಡಗಿದನು. ಕೋಗಿಲೆಯೆಂದರೆ ನಮ್ಮ ಕೋಗಿಲೆಯಲ್ಲ, ರಾತ್ರಿ ಹಾಡುವ ಯೂರೋಪಿನ ನೈಟಿಂಗೇಲ್. ಕೀಲಿ ಕೊಟ್ಟರೆ ಹಾಡುವ ರತ್ನಖಚಿತ ಹಕ್ಕಿಯೊಂದು ಬಂದೊಡನೆ ಆಸ್ಥಾನವು ಕಾಡಿನ ಹಕ್ಕಿಯನ್ನು ಮರೆಯುತ್ತದೆ. ಯಂತ್ರ ಕೆಟ್ಟು, ಚಕ್ರವರ್ತಿ ಮರಣಶಯ್ಯೆಯಲ್ಲಿರುವಾಗ, ಕಿಟಕಿಯ ಬಳಿ ಬಂದು ಹಾಡುವುದು ಆ ಕಾಡಿನ ಹಕ್ಕಿಯೇ. ಗರಗರ ತಿರುಗುವ ಯಂತ್ರಗಳ ತೋಟದಿಂದ ಮನೆಗೆ ಬಂದವನಿಗೆ ಇಂಥ ಕಥೆ ಹೊಳೆಯಿತೆಂಬುದು ಸೋಜಿಗ.

ಬೇರೊಂದು ರಾತ್ರಿ ಈ ತೋಟ ಉರಿದೂ ಹೋಯಿತು. ಜರ್ಮನರು ದೇಶವನ್ನು ಆಕ್ರಮಿಸಿದ್ದ ಕಾಲದಲ್ಲಿ, 1944ರ ಜೂನಿನಲ್ಲಿ, ನಾಜಿಗಳ ಡೇನಿಷ್ ಬಂಟರು ಇಲ್ಲಿ ಸಿಡಿಮದ್ದಿಟ್ಟರು, ಸಂಗೀತಶಾಲೆ ನೆಲಸಮವಾಯಿತು. ಊರಿನ ಮನಸ್ಸು ಎಲ್ಲಿದೆಯೆಂಬುದನ್ನು ಅವರು ಸರಿಯಾಗಿಯೇ ಅರಿತಿದ್ದರು. ಆದರೆ ಕೆಲವೇ ವಾರಗಳಲ್ಲಿ ಬಾಗಿಲು ಮತ್ತೆ ತೆರೆಯಿತು. ಹೊಸ ಸಂಗೀತಶಾಲೆ 1956ರಲ್ಲಿ ಎದ್ದಿತು.

ಚೀಲ ಕಾಯುವವರಿಗೆ ಅತ್ಯಂತ ಪ್ರಿಯವಾಗಬೇಕಾದುದು 1874ರಿಂದ ನಿಂತಿರುವ ಮೂಕನಾಟಕದ ರಂಗಮಂದಿರ. ಚೀನೀ ಮಾದರಿಯ ಕಟ್ಟಡ; ಪ್ರೇಕ್ಷಕರಿಗೆ ಆಕಾಶವೇ ಚಾವಣಿ. ಅದರ ತೆರೆಯೆಂದರೆ ಗರಿ ಬಿಚ್ಚಿ ನಿಂತ ಬೃಹತ್ ನವಿಲು. ಆಟ ಆರಂಭವಾಗುವಾಗ ಗರಿಗಳು ಇತ್ತ ಅತ್ತ ಮಡಿಚಿಕೊಳ್ಳುತ್ತವೆ, ಹಿಂದೆ ರಂಗ ಕಾಣುತ್ತದೆ. ಮುಖಕ್ಕೆ ಬಿಳಿ ಬಳಿದ ಪಿಯೆರೊ, ಬಣ್ಣದ ಚೌಕಳಿಯ ಹಾರ್ಲೆಕ್ವಿನ್, ಅವನು ಒಲಿದ ಕೊಲಂಬೈನ್: ಇಟಲಿಯಿಂದ ಬಂದ ಹಳೆಯ ಪಾತ್ರಗಳು. ಮಾತಿಲ್ಲವಾದುದರಿಂದ ಯಾವ ದೇಶದ ಅಜ್ಜಿಗೂ ಅರ್ಥವಾಗುತ್ತದೆ. ಆಟ ಮುಗಿದ ಮೇಲೆ, ಏನಾದರೂ ಹೇಳೆಂದು ಮಕ್ಕಳು ಪಿಯೆರೊನನ್ನು ಕೂಗಿ ಕಾಡುವುದು ಅಲ್ಲಿಯ ಸಂಪ್ರದಾಯ. ಅಷ್ಟು ಹೊತ್ತು ಬಾಯಿ ಬಿಡದವನು ಆಗ ನಾಲ್ಕು ಮಾತಾಡುತ್ತಾನೆ.

ಅಷ್ಟರಲ್ಲಿ ಮರದ ಬಂಡಿಯಿಂದಿಳಿದ ಮಕ್ಕಳು, ಕೆದರಿದ ತಲೆಯಲ್ಲಿ, ಬೆಂಚಿನ ಬಳಿ ಓಡಿ ಬರುತ್ತಾರೆ. ಬೆಂಚು ಬರಿದು. ಅಜ್ಜಿ ಚೀಲಗಳನ್ನೆಲ್ಲ ಹೊತ್ತುಕೊಂಡು ನವಿಲಿನ ಮುಂದೆ, ಮೊದಲನೆಯ ಸಾಲಿನಲ್ಲಿ ನಿಂತಿದ್ದಾರೆ.