ಹಿನ್ನೀರಿನ ಆಚೆಯ ನರ್ಸಮ್ಮ

ನನ್ನ ಸೋದರತ್ತೆ ತೀರಿಕೊಂಡು ಈ ಕಾರ್ತಿಕಕ್ಕೆ ಒಂದು ವರ್ಷವಾಯಿತು. ಅವರಿಗೆ 77 ವರ್ಷ. 1968ರಿಂದ 2005ರವರೆಗೆ ಅವರ ಸೇವೆಯೆಲ್ಲ ಸಾಗರ ತಾಲ್ಲೂಕಿನಲ್ಲಿ, ಅದರಲ್ಲಿಯೂ ಹೆಚ್ಚಿನ ಪಾಲು ಶರಾವತಿ ಹಿನ್ನೀರಿನ ಆಚೆಯ ಹಳ್ಳಿಗಳಲ್ಲಿ ಕಳೆಯಿತು. ಸರ್ಕಾರಿ ಕಾಗದದಲ್ಲಿ ಅವರು ಕಿರಿಯ ಮಹಿಳಾ ಆರೋಗ್ಯ ಸಹಾಯಕಿ. ಊರವರ ಬಾಯಲ್ಲಿ ನರ್ಸಮ್ಮ. ಐವತ್ತು ದಾಟಿದ ಮೇಲೂ ಅವರು ಕಾಗದದ ಮೇಲೆ 'ಕಿರಿಯ'ರಾಗಿಯೇ ಇದ್ದುದು ನಮ್ಮ ಮನೆಯಲ್ಲಿ ಬಹುಕಾಲದ ನಗೆಮಾತಾಗಿತ್ತು.

ನನ್ನ ಎಡತೋಳಿನ ಮೇಲೆ ದೇವಿಹಾಕಿದ ಕಲೆಯೊಂದಿದೆ. ಅದು ಅವರದೇ ಕೈಯದು. ತುದಿಯಲ್ಲಿ ಎರಡು ಕವಲಾಗಿದ್ದ ಆ ಸೂಜಿಯನ್ನು ಲಸಿಕೆಯಲ್ಲಿ ಅದ್ದಿ, ಒಂದೇ ಜಾಗದಲ್ಲಿ ಹದಿನೈದು ಸಲ ಚುಚ್ಚಬೇಕಿತ್ತಂತೆ. ನಾನು ಏಳನೆಯ ಚುಚ್ಚಿಗೇ ಕೈ ಕಿತ್ತುಕೊಂಡು ಅಡಿಕೆ ತೋಟಕ್ಕೆ ಓಡಿದೆನೆಂದೂ, ಉಳಿದ ಎಂಟನ್ನು ಬಾಳೆಯ ಬುಡದಲ್ಲಿ ಹಿಡಿದು ಮುಗಿಸಿದೆನೆಂದೂ ಅವರು ನನ್ನ ಮದುವೆಯ ಪಂಕ್ತಿಯಲ್ಲಿ ಕೂಡ ಹೇಳಿ ನಗಿಸಿದ್ದರು. 1975ರ ಹೊತ್ತಿಗೆ ಸಿಡುಬು ಭಾರತದಿಂದ ಕಾಲ್ತೆಗೆಯಿತು. ಆ ದೊಡ್ಡ ಚರಿತ್ರೆಯಲ್ಲಿ ತಮಗೂ ಪಾಲುಂಟೆಂದು ಅತ್ತೆ ಎಂದೂ ಹೇಳಿಕೊಂಡವರಲ್ಲ.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಾಗ ಹೊಲ, ಮನೆ, ದಾರಿಗಳೆಲ್ಲ ಮುಳುಗಿ ಆ ಭಾಗದ ಹಳ್ಳಿಗಳು ದ್ವೀಪಗಳಂತಾದವು. ನಾಡಿಗೆ ಬೆಳಕು ಕೊಟ್ಟ ನೀರು ಅದು. ಅಲ್ಲಿಯ ಬಸುರಿಗೆ ಮಾತ್ರ ಆಸ್ಪತ್ರೆಯನ್ನು ದೂರ ಮಾಡಿದ ನೀರು. ಲಾಂಚು ಬಂದ ಮೇಲೂ ಕತ್ತಲಾದರೆ ತೆಪ್ಪವೋ ದೋಣಿಯೋ ಗತಿ. ಅತ್ತೆಗೆ ಈಜು ಬಾರದು, ನೀರೆಂದರೆ ಭಯ. ಒಂದು ಮಳೆಗಾಲದಲ್ಲಿ ಅವರಿದ್ದ ತೆಪ್ಪ ವಾಲಿ, ಲಸಿಕೆಯ ಡಬ್ಬಿಯೊಂದಿಗೆ ನೀರಿಗೆ ಬಿದ್ದರು. ಅಂಬಿಗ ಜಡೆ ಹಿಡಿದು ಎಳೆದುಕೊಂಡ. ಮನೆಯಲ್ಲಿ ಎಲ್ಲರೂ ವರ್ಗ ಮಾಡಿಸಿಕೊಳ್ಳಲು ಹೇಳಿದರು. ಅವರು ಮಾಡಿದ್ದು ಬೇರೆ. ಮುಂದಿನ ಬೇಸಿಗೆಯಲ್ಲಿ ಕೆರೆಗೆ ಇಳಿದು, ಹತ್ತು ಹನ್ನೆರಡು ವರ್ಷದ ಹುಡುಗಿಯರ ಕೈಯಲ್ಲಿ ಈಜು ಕಲಿತರು. ಆಗ ಅವರಿಗೆ ಮೂವತ್ತು ದಾಟಿತ್ತು. ಸೀರೆಯನ್ನು ಕಚ್ಚೆ ಕಟ್ಟಿ ನೀರಿಗಿಳಿದ ಸರ್ಕಾರಿ ನರ್ಸಮ್ಮನನ್ನು ನೋಡಲು ಜನ ಕೆರೆ ಏರಿಯ ಮೇಲೆ ನೆರೆಯುತ್ತಿದ್ದರಂತೆ. ನಮ್ಮ ತಂದೆಯವರಿಗೆ ಇದರಿಂದ ಆದ ಮುಜುಗರ ಅಷ್ಟಿಷ್ಟಲ್ಲ.

ಸಾಹಸವೆಂಬುದು ಅವರಿಗೆ ಹೀಗೆ ಕೆಲಸದ ದಾರಿಯಲ್ಲಿ ಅಂಟಿಕೊಂಡದ್ದು. ನಿವೃತ್ತಿಯ ಮೇಲೆ ಅದು ಸ್ವತಂತ್ರವಾಯಿತು. ಮೊದಲು ಕೊಡಚಾದ್ರಿ, ಆಮೇಲೆ ಕುಮಾರಪರ್ವತ. 2010ರಲ್ಲಿ, ತಮ್ಮ 63ನೆಯ ವಯಸ್ಸಿನಲ್ಲಿ, ಲಿಪುಲೇಖ್ ಮಾರ್ಗವಾಗಿ ಕೈಲಾಸ ಮಾನಸಸರೋವರಕ್ಕೆ ಹೊರಟರು. ದೆಹಲಿಯಲ್ಲಿ ಒಂದು ವೈದ್ಯ ಪರೀಕ್ಷೆ, ದಾರಿಯಲ್ಲಿ ಗುಂಜಿಯಲ್ಲಿ ಇನ್ನೊಂದು. ಗುಂಜಿಯಲ್ಲಿ ನಲವತ್ತರ ಗಂಡಸೊಬ್ಬರನ್ನು ರಕ್ತದೊತ್ತಡದ ಕಾರಣ ಹಿಂದಕ್ಕೆ ಕಳಿಸಿದರಂತೆ, ಅತ್ತೆ ಪಾಸಾದರು. 5600 ಮೀಟರಿಗೂ ಎತ್ತರದ ಡೋಲ್ಮಾ ಕಣಿವೆಯನ್ನು ದಾಟುವಾಗ ತಮ್ಮ ಆಯಾಸಕ್ಕಿಂತ ಜೊತೆಯವರ ತುಟಿಯ ಬಣ್ಣವನ್ನೇ ನೋಡುತ್ತಿದ್ದೆ ಎಂದರು. "ನೀಲಿ ಆಯ್ತೋ ಇಲ್ವೋ ಅಂತ ನೋಡೋದೇ ಕೆಲಸ ಆಗೋಯ್ತು ತಮ್ಮಾ, ಕೈಲಾಸ ಎಲ್ಲಿ ನೋಡ್ಲಿ?"

2019ರಲ್ಲಿ ಅರಳಗೋಡು ಸುತ್ತಮುತ್ತ ಮಂಗನ ಕಾಯಿಲೆ ಜನರನ್ನು ಬಲಿ ತೆಗೆದುಕೊಳ್ಳುತ್ತಿದ್ದಾಗ 72ರ ಅತ್ತೆ ಯಾರೂ ಕರೆಯದೆ ಲಸಿಕೆಯವರ ಜೀಪು ಹತ್ತಿದರು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಆ ರೋಗದ ಹೆದರಿಕೆಯನ್ನು ಕೇಳುತ್ತಲೇ ಬೆಳೆದವರು ಅವರು. ತರಗೆಲೆ ಗುಡಿಸಲು ಕಾಡಿಗೆ ಹೋಗುವ ಹೆಂಗಸರಿಗೆ ಉಣುಗು ಕಚ್ಚದಂತೆ ಎಣ್ಣೆ ಹಚ್ಚಿಕೊಳ್ಳುವುದನ್ನು ಹೊಸ ಹುಡುಗಿಯರಿಗಿಂತ ಚೆನ್ನಾಗಿ ಒಪ್ಪಿಸುತ್ತಿದ್ದರು. ಸೂಜಿಗೆ ಹೆದರಿ ಅಟ್ಟ ಹತ್ತಿದವರನ್ನು ಹೆಸರು ಹಿಡಿದು ಇಳಿಸುತ್ತಿದ್ದರು. ಅವರಲ್ಲಿ ಅನೇಕರ ಹೊಕ್ಕುಳಬಳ್ಳಿ ಕತ್ತರಿಸಿದವರೇ ಇವರು.

ಇಷ್ಟನ್ನು ಬರೆಯುವುದು ಸುಲಭ. ಇನ್ನೊಂದನ್ನು ಬರೆಯಬೇಕು.

ಮಾನಸಸರೋವರದಿಂದ ಬಂದ ವರ್ಷ ಅತ್ತೆ ಒಂದು ನೋಟುಬುಕ್ಕು ತಂದುಕೊಟ್ಟರು. ತೆಪ್ಪದಿಂದ ಬಿದ್ದದ್ದು, ದಡ ಮುಟ್ಟುವ ಮೊದಲೇ ದೋಣಿಯಲ್ಲಿ ರಕ್ತ ಹೋಗಿ ಸತ್ತ ಬಾಣಂತಿಯೊಬ್ಬಳು, ಅವಳ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಬೆಳಗಿನವರೆಗೆ ಕುಳಿತದ್ದು, ಎಲ್ಲವನ್ನೂ ನಲವತ್ತು ಪುಟಗಳಲ್ಲಿ ಬರೆದಿದ್ದರು. "ಕಾಗುಣಿತ ನೋಡಿಕೊಡು, ನೀನು ಕನ್ನಡ ಮೇಷ್ಟ್ರಲ್ವಾ" ಎಂದರು. ಅದು ಮೌಲ್ಯಮಾಪನದ ಕಾಲ. ಉತ್ತರಪತ್ರಿಕೆಗಳ ಮಧ್ಯೆ, ಅದೇ ಕೆಂಪು ಪೆನ್ನಿನಿಂದ ತಿದ್ದಿದೆ. ಅಲ್ಪಪ್ರಾಣ ಮಹಾಪ್ರಾಣ, ಹಕಾರ, ವಿಭಕ್ತಿ ಒಂದನ್ನೂ ಬಿಡಲಿಲ್ಲ. ಆ ಬಾಣಂತಿಯ ಪುಟದ ಅಂಚಿನಲ್ಲಿ 'ವಾಕ್ಯ ಅಪೂರ್ಣ' ಎಂದು ಬರೆದೆ. ಓಲೆಗರಿಯಲ್ಲಿ ಲಿಪಿಕಾರನ ತಪ್ಪು ಕಂಡರೆ ಅದು ಅವನ ಕಾಲದ ನುಡಿಗೆ ಸಾಕ್ಷಿಯೆಂದು ತರಗತಿಯಲ್ಲಿ ಪಾಠ ಹೇಳುವವನು ನಾನು.

ಅತ್ತೆ ಪುಟ ತಿರುವಿ ನೋಡಿ, "ಇಷ್ಟೊಂದು ತಪ್ಪಾ" ಎಂದು ನಕ್ಕರು. ಮತ್ತೆ ಆ ಮಾತನ್ನು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಕೊಡಚಾದ್ರಿಗೆ ಜೊತೆಗೆ ಬಾ ಎಂದು ಮೂರು ಸಲ ಕರೆದರು. ಮೂರು ಸಲವೂ ನನಗೆ ವಿಚಾರಸಂಕಿರಣವಿತ್ತು.

ಕಳೆದ ವರ್ಷ ಅವರ ಟ್ರಂಕಿನಲ್ಲಿ ಆ ನೋಟುಬುಕ್ಕು ಸಿಕ್ಕಿತು. ನಲವತ್ತನೆಯ ಪುಟದ ನಂತರ ಎಲ್ಲವೂ ಖಾಲಿ. 2025ರ ಜುಲೈಯಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಸೇತುವೆ ತೆರೆಯಿತು. ಮೊನ್ನೆ ಅದರ ಮೇಲೆ ಕಾರಿನಲ್ಲಿ ದಾಟಿದೆ. ಕೆಲವೇ ನಿಮಿಷ ಹಿಡಿಯಿತು. ಆಚೆ ದಡದ ಹೋಟೆಲಿನಲ್ಲಿ ನನ್ನ ಮನೆತನ ಕೇಳಿ ತಿಳಿದ ಮುದುಕಿಯೊಬ್ಬರು, "ನರ್ಸಮ್ಮ ಬರೆದಿಟ್ಟಿದ್ರಂತಲ್ಲ, ನಮ್ಮಕ್ಕನ ವಿಷ್ಯಾನೂ ಇದೆ ಅಂದಿದ್ರು. ದೋಣೀಲಿ ಹೋದೋಳು" ಎಂದರು. ಇದೆ ಎಂದೆ. ಓದಿ ಹೇಳುವಂತೆ ಕೇಳಿದರು. ನೋಟುಬುಕ್ಕು ಮನೆಯಲ್ಲಿತ್ತು.

ಈಗ ಆ ನಲವತ್ತು ಪುಟಗಳನ್ನು ಬೇರೆ ಹಾಳೆಗೆ ಎತ್ತಿ ಬರೆಯುತ್ತಿದ್ದೇನೆ, ಕೆಂಪು ಶಾಯಿಯ ಅಡಿಯಲ್ಲಿ ಅತ್ತೆ ಬರೆದಿದ್ದಂತೆಯೇ. ಕೆಲವು ಕಡೆ ನನ್ನ ಗೀಟಿನ ಕೆಳಗೆ ಅವರ ಅಕ್ಷರ ಕಾಣುವುದಿಲ್ಲ. ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿಯಬೇಕಾಗುತ್ತದೆ.