ಎಲ್ಲಾ ಟಿವಿಗೂ ನಡೀತೈತ್ರಿ!

ಎಂ.ಕೆ. ಹುಬ್ಬಳ್ಳಿಯಲ್ಲೇ ಇರಲಿ, ಬೈಲಹೊಂಗಲದಲ್ಲೇ ಇರಲಿ, ರಿಮೋಟ್ ಕೇಳಿದರೆ ಅಂಗಡಿಯವರದು ಇದೊಂದೇ ಮಾತು. ನಂಬುವ ಮೊದಲು ಮನೆಯಲ್ಲಿ ಏನೇನಿದೆ ನೋಡಿಕೊಳ್ಳಿ. ಹಳೇ ಟಿವಿ, ಸೆಟ್‌ಟಾಪ್ ಬಾಕ್ಸು, ಹೋಮ್ ಥಿಯೇಟರು ಹೆಚ್ಚಾಗಿ ಇನ್‌ಫ್ರಾರೆಡ್ ಬೆಳಕಿಗೆ ಓಗೊಡುತ್ತವೆ. ಫೈರ್ ಸ್ಟಿಕ್ ಬ್ಲೂಟೂತ್‌ನದು. ಅದರ ಮುಂದೆ ಸಾದಾ ರಿಮೋಟ್ ಎಷ್ಟು ಒತ್ತಿದರೂ ಅಷ್ಟೇ.

ನನ್ನ ಓಟು ‘ಲರ್ನಿಂಗ್’ ರಿಮೋಟಿಗೆ. ಹಳೇದನ್ನೂ ಹೊಸದನ್ನೂ ಮುಖಾಮುಖಿ ಇಟ್ಟು, ಸೆಟ್ ಗುಂಡಿ ಒತ್ತಿ, ದೀಪ ಹತ್ತಿದ ಮೇಲೆ ಒಂದೊಂದೇ ಗುಂಡಿ ಕಲಿಸುವುದು. ಎಷ್ಟೋ ಡಿಟಿಎಚ್ ರಿಮೋಟುಗಳಲ್ಲೇ ಈ ಸೌಲಭ್ಯ ಇರುತ್ತದೆ. ಟಿವಿಯ ಪವರ್, ವಾಲ್ಯೂಮ್ ಎರಡೇ ಸಾಕು ಅನ್ನುವವರು ಹೊಸದಕ್ಕೆ ರೊಕ್ಕ ಹಾಕೋದೇ ಬ್ಯಾಡ.

ಹಳೇದು ಪೂರ್ತಿ ಸಾಯುವುದರೊಳಗೇ ಕಲಿಸಬೇಕು, ಮತ್ತ! ಜೀವ ಐತೋ ಇಲ್ಲೋ ತಿಳಿಯಲು ಮೊಬೈಲಿನ ಸೆಲ್ಫಿ ಕ್ಯಾಮೆರಾದ ಮುಂದೆ ಹಿಡಿದು ಗುಂಡಿ ಒತ್ತಿ. ಬರಿಗಣ್ಣಿಗೆ ಕಾಣದ ಬೆಳಕು ಪರದೆಯ ಮೇಲೆ ನಸುನೇರಳೆಯಾಗಿ ಮಿನುಗುತ್ತದೆ.

ಮನೆಯಲ್ಲಿ ಅಜ್ಜ, ಅಮ್ಮ ಇದ್ದರೆ ಮೈತುಂಬಾ ಗುಂಡಿ ಇರೋದು ಬೇಡ. ವಾಲ್ಯೂಮ್ ಗುಂಡಿ ಕತ್ತಲಲ್ಲೂ ಬೆರಳಿಗೆ ಸಿಗುವಂಥದ್ದು ತೊಗೊಳ್ಳಿ. ಸೀರಿಯಲ್ ನಡುವೆ ಜಾಹೀರಾತು ಒದರಿದಾಗ ಗೊತ್ತಾಗ್ತದ.